ಬಚ್ಚಲಿನ ಗೋಡೆ ಏರಿದ ರಾಜಪಕ್ಷಿ

ಕಾಲು ಏನಕ್ಕಾದರೂ ತಗುಲಿದರೆ ಸಾಕು, ಕೈ ತಾನಾಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮ್ಮ ಜನರದು. ಪುಸ್ತಕ, ಪೊರಕೆ, ಪಕ್ಕದವರ ಚೀಲ, ಯಾವುದಕ್ಕೂ ಭೇದವಿಲ್ಲ. ಆಕ್ಲೆಂಡಿನ ಮನೆಗಳಿಗೆ ಟೈಲ್ಸ್ ಹಾಕಿ ಬದುಕುವ ನಾನು, ಅಂದರೆ ಪರರ ಪಾದಸೇವೆಯನ್ನೇ ವೃತ್ತಿಯಾಗಿಸಿಕೊಂಡವನು, ಈ ಅಭ್ಯಾಸದಿಂದಲೇ ಒಮ್ಮೆ ಮಾನ ಕಳೆದುಕೊಳ್ಳುವುದರಲ್ಲಿದ್ದೆ. ನಾನು ಹಾಕಿದ ಟೈಲನ್ನು ಈವರೆಗೆ ಯಾರೂ ಕೀಳಿಸಿಲ್ಲ ಎಂಬುದೇ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗಿರುವ ಏಕೈಕ ಪದವಿ.

ಅಲ್ಲಿನ ಬಾಟನಿ ಡೌನ್ಸ್ ಬಡಾವಣೆಯ ಹೆಲ್ಗಾ ಆಂಟಿ ಜರ್ಮನಿಯ ಒಂದು ಪುಟ್ಟ ಊರಿನ ದೊರೆ ಮನೆತನದವರು. ಊರಿಗೆ ಒಂದೇ ಬೀದಿ, ಬೀದಿಯ ತುದಿಗೆ ಅವರ ಪೂರ್ವಜರ ಕೋಟೆ. ಅದರ ದರ್ಬಾರು ಹಾಲಿನಲ್ಲಿ ಈಗ ಹಲ್ಲಿನ ಡಾಕ್ಟರು ಕೂರುತ್ತಾರಂತೆ. ಜನ ಇಂದಿಗೂ ನಡುಗುತ್ತಲೇ ಒಳಗೆ ಹೋಗುತ್ತಾರಂತೆ. ಅಳಿದುಳಿದ ವೈಭವವನ್ನು ಆಂಟಿ ಹನ್ನೆರಡು ಟೈಲ್ಸಿನ ಮೇಲೆ ಬರೆಸಿ ತರಿಸಿದ್ದರು: ಕಿರೀಟ ತೊಟ್ಟ ಬಿಳಿ ಹಕ್ಕಿಯ ರಾಜಲಾಂಛನ. ಅದನ್ನು ಬಚ್ಚಲಿನ ನೆಲದ ನಟ್ಟನಡುವೆ ಕೂರಿಸಲು ಹೇಳಿ ಅಂಗಡಿಗೆ ಹೋದರು.

ಜೋಡಿಸಿ ನೋಡಿದರೆ, ಕೊರಳು ಕೊಂಕಿಸಿದ ಸಾಕ್ಷಾತ್ ಹಂಸ. ಸರಸ್ವತಿಯ ವಾಹನ. ಶಾಲೆ ಬಿಟ್ಟು ಆಕೆಯ ಕೈಗೆ ಸಿಗದೆ ಓಡಿಬಂದದ್ದೇ ಸಾಲದೆಂದು, ಈಗ ಆಕೆಯ ಗಾಡಿಯನ್ನೂ ಒದ್ದೆಕಾಲಲ್ಲಿ ತುಳಿಸುವುದೇ?

ಓದು ಮುಗಿಸಿ ನನ್ನ ಜೊತೆ ಕೆಲಸಕ್ಕಿಳಿದಿದ್ದ ಹುಬ್ಬಳ್ಳಿಯ ಇಮ್ತಿಯಾಜ್ ಬಗ್ಗಿ ನೋಡಿ, "ಅಣ್ಣಾ, ಇದು ಬಾತುಕೋಳಿ ಐತ್ರಿ" ಎಂದ.

"ಕಿರೀಟ ಕಾಣ್ಸಲ್ವೇನೋ?"

"ಕಿರೀಟ ಹಾಕ್ಕೊಂಡ ಬಾತುಕೋಳಿ ಐತ್ರಿ."

ಓದಿದವರಿಗೆ ಭಕ್ತಿ ಕಮ್ಮಿ ಎಂದುಕೊಂಡು, ಲಾಂಛನವನ್ನು ಗೋಡೆಗೆ ಏರಿಸಿಬಿಟ್ಟೆ. ಒಂದು ಗೋಡೆಗೆ ಕಿಟಕಿ, ಇನ್ನೊಂದಕ್ಕೆ ಕನ್ನಡಿ. ಖಾಲಿ ಇದ್ದದ್ದು ಕಮೋಡಿನ ಎದುರಿನದು ಮಾತ್ರ.

ಹಿಂತಿರುಗಿದ ಆಂಟಿ ಬಾಗಿಲಲ್ಲೇ ನಿಂತರು. ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಹಂಸಪುರಾಣವನ್ನೆಲ್ಲ ಒಪ್ಪಿಸಿದೆ. "ಅದು ಬಾತುಕೋಳಿ" ಎಂದರು ಆಂಟಿ, "ನಮ್ಮಜ್ಜಂದಿರು ಕಂದಾಯವನ್ನು ಬಾತುಕೋಳಿಯಲ್ಲೇ ವಸೂಲಿ ಮಾಡುತ್ತಿದ್ದರು." ಇಮ್ತಿಯಾಜ್ ಸೂರು ನೋಡಿದ. ನಾನು ಸುತ್ತಿಗೆ ಎತ್ತಿಕೊಂಡು, "ಕೀಳಲಾ?" ಎಂದೆ. ಪದವಿ ಹೋಗುವ ಹೊತ್ತು.

ಆಂಟಿ ನಮ್ಮಿಬ್ಬರನ್ನೂ ಹೊರಗೆ ಕಳಿಸಿ, ತಾವು ಒಳಹೊಕ್ಕು ಬಾಗಿಲು ಹಾಕಿಕೊಂಡರು. ಕಮೋಡಿನ ಮುಚ್ಚಳ ಬಿದ್ದ ಸದ್ದು, ಅದರ ಮೇಲೆ ಕೂತ ಸದ್ದು, ಆಮೇಲೆ ಗೋಡೆ ಅದುರುವಂಥ ನಗು.

"ನಮ್ಮ ದೊರೆಯ ಎದುರು ಯಾರೂ ಕೂರುವಂತಿರಲಿಲ್ಲ" ಎಂದರು ಹೊರಬಂದು, ಕಣ್ಣೊರೆಸಿಕೊಳ್ಳುತ್ತ. "ಇನ್ನು ಎಲ್ಲರೂ ಕೂರಲಿ. ಕೀಳಬೇಡ."

ನಾನು ಎದೆಯುಬ್ಬಿಸಿ ಸುತ್ತಿಗೆ ಕೆಳಗಿಟ್ಟೆ. "ಗಂಡಸರು ನಿಂತ್ರ ದೊರೆಗೆ ಬೆನ್ನ ದರ್ಶನನಽ ಆಗ್ತೈತಲ್ರೀ ಅಣ್ಣಾ" ಎಂದು ಇಮ್ತಿಯಾಜ್ ಗೊಣಗಿದ. ಏನೆಂದನೆಂದು ಆಂಟಿ ಕೇಳಿದರು. ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟು ನಾನು ಓದಿಲ್ಲವೆಂದು ಹೇಳಿ, ಜಾಗ ಖಾಲಿ ಮಾಡಿದೆ.