ಕೈಗವಸು ತೆಗೆದ ಪುಟ

ನಿನ್ನ ಹದಿನೇಳನೆಯ ಪುಟ ಕಳೆದಿರಲಿಲ್ಲ, ಶಿವಪ್ಪಾ. ಅದನ್ನು ಕದ್ದವನು ನಾನು.

ಹದಿನಾಲ್ಕು ವರ್ಷ ಇದನ್ನು ಹೊತ್ತು ದಣಿದಿದ್ದೇನೆ. ಮನಗೂಳಿಯಲ್ಲಿ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ನಂಬರು ಬರೆಯುತ್ತಿದ್ದ ನೀನು ಎರಡು ವರ್ಷ ಕೂತು ಬೇರೊಂದು ಗ್ರಹದ ಕಥೆಯನ್ನು ಬಣ್ಣದ ಚಿತ್ರಗಳಲ್ಲಿ ಬರೆದೆ — ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ. ಬೈಂಡು ಮಾಡಲು ಬಾಗೇವಾಡಿಯ ನನ್ನ ಅಂಗಡಿಗೆ ತಂದುಕೊಟ್ಟೆ. ನಿನ್ನ ಬಳಿ ಇದ್ದದ್ದು ಅದೊಂದೇ ಪ್ರತಿ.

ಹಾಳೆ ಜೋಡಿಸುತ್ತ ನಾನು ಹದಿನೇಳಕ್ಕೆ ಬಂದು ನಿಂತುಬಿಟ್ಟೆ. ಎಲ್ಲರೂ ಗ್ರಹ ಬಿಟ್ಟು ಹೊರಟಿದ್ದಾರೆ. ನೀರಿನ ಟಾಕಿ ಕಾಯುತ್ತಿದ್ದ ತುಕ್ಕು ಹಿಡಿದ ಯಂತ್ರಮಾನವ ಒಬ್ಬನೇ ಉಳಿಯಬೇಕು. ನೌಕೆ ಹತ್ತಿದ ಮುದುಕಿ ಮತ್ತೆ ಇಳಿದು ಬಂದು, ಆ ಕೊರೆಯುವ ಚಳಿಯಲ್ಲಿ ಕೈಗವಸು ತೆಗೆದು, ಬರಿಗೈಯನ್ನು ಅವನ ಹೆಗಲ ಮೇಲಿಡುತ್ತಾಳೆ. ಒಂದು ಮಾತೂ ಬರೆದಿರಲಿಲ್ಲ ನೀನು. ಆ ಕೈ — ರೊಟ್ಟಿ ಬಡಿದು ದಪ್ಪಗಾದ ಗೆಣ್ಣುಗಳು, ಸವೆದ ಹಸಿರು ಬಳೆ — ನಿನ್ನವ್ವನ ಕೈ ಎಂದು ತಕ್ಷಣ ತಿಳಿಯಿತು. ತಗಡಿನ ಹೆಗಲು ಆ ಭಾರಕ್ಕೆ ತುಸುವೇ ಬಾಗಿತ್ತು. ಅಷ್ಟು ಸಣ್ಣ ಬಾಗು... ಅದನ್ನು ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

ಉಳಿದದ್ದನ್ನು ಹೊಲಿದು ಕೊಟ್ಟೆ. ನೀನು ಅಲ್ಲೇ ಎಣಿಸಿದೆ.

"ಒಂದ ಹಾಳಿ ಕಮ್ಮಿ ಐತಲ್ಲೋ."

"ನೀ ಕೊಟ್ಟಿದ್ದ ಇಷ್ಟ. ಬಣ್ಣದ ವಾಸನಿಗೆ ತಲಿ ತಿರಗೇತೇನ ನಿಂದು?"

"ಇದ್ರೂ ಇರಬೇಕ ಬಿಡಪಾ," ಎಂದು ನೀನೇ ನಕ್ಕುಬಿಟ್ಟೆ.

ಮರುದಿನ ನೀನು ಮತ್ತೆ ಬಂದು ಕತ್ತರಿಸಿದ ಚೂರುಗಳ ರಾಶಿಯಲ್ಲಿ ಹುಡುಕತೊಡಗಿದೆ. ನನಗೆ ಹೆದರಿಕೆಯಾಯಿತು. ಅಂದೇ ಆ ಪುಟವನ್ನು, ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಓದುವ ಪುರಾಣದ ರಟ್ಟಿಗೆ ಮೈದಾ ಅಂಟಿನಿಂದ ಮೆತ್ತಿ, ಮೇಲೆ ಬಿಳಿಹಾಳೆ ಅಂಟಿಸಿದೆ. ರಟ್ಟಿನೊಳಗೆ ಹಳೆ ಕಾಗದ ಸೇರಿಸುವುದು ನಮ್ಮ ಕಸುಬಿನಲ್ಲಿ ದಿನದ ಕೆಲಸ, ಯಾರೂ ಕೇಳುವುದಿಲ್ಲ. ನೋಡುತ್ತಲೇ ಇರಬೇಕೆಂದು ಕದ್ದದ್ದನ್ನು ಆಮೇಲೆ ನಾನೂ ನೋಡಲಿಲ್ಲ.

ನೀನು ಅದನ್ನು ಮೂರು ಸಲ ತಿರುಗಿ ಬರೆದೆ. ಅಷ್ಟೊತ್ತಿಗೆ ನಿನ್ನವ್ವ ತೀರಿಕೊಂಡಿದ್ದಳು. "ಆ ಕೈ ಮತ್ತ ಹಂಗ ಬರವಲ್ದೋ," ಅಂದೆ. ನಾನು ತಲೆ ಎತ್ತದೆ ಅಂಟು ಕಲಸುತ್ತಿದ್ದೆ. ಆಮೇಲೆ ನೀನು ಬೋರ್ಡು, ನಂಬರುಗಳನ್ನಷ್ಟೇ ಬರೆದೆ.

ಮೊನ್ನೆ ರಟ್ಟನ್ನು ತೋಯಿಸಿ ಬಿಳಿಹಾಳೆಯನ್ನು ಮೆಲ್ಲಗೆ ಎಬ್ಬಿಸಿದೆ. ಮುದುಕಿಯ ಬಣ್ಣವೆಲ್ಲ ಆ ಹಾಳೆಗೇ ಹತ್ತಿಕೊಂಡು ಬಂತು — ಕೈಯೂ. ಯಂತ್ರಮಾನವ ಉಳಿದಿದ್ದಾನೆ. ಹೆಗಲು ಇನ್ನೂ ಬಾಗಿಯೇ ಇದೆ, ಅಲ್ಲಿಲ್ಲದ ಕೈಗೆ.

ನಾಳೆ ಬೆಳಗಿನ ಬಸ್ಸಿಗೆ ಎರಡೂ ಹಾಳೆ ತರುತ್ತೇನೆ. ನಿನ್ನ ಬಾಗಿಲಲ್ಲೇ ನಿಂತು ಈ ಪತ್ರ ಓದುತ್ತೇನೆ, ಒಳಗೆ ಕರೆಯಬೇಡ.