ದೋಣಿಯ ಮೂತಿಯಲ್ಲಿ ನಿಂತವಳು

ಬೋಟ್ ಡ್ರೈವರ್‌ನ ಹೆಂಡತಿಗೆ ದ್ವೀಪದವರು ಇಟ್ಟ ಹೆಸರು ಮಾತಿನಮಲ್ಲಿ. ಇಟ್ಟವರದೇನೂ ತಪ್ಪಿಲ್ಲ ಬಿಡಿ. ಹಲ್ಲುಜ್ಜುವಾಗ ಬಾಯಲ್ಲಿ ಬ್ರಷ್ ಇದ್ದರೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಗಂಡನೋ, ಮಾತಾಡಿದರೆ ತೆರಿಗೆ ಕಟ್ಟಬೇಕೇನೋ ಎನ್ನುವ ಹಾಗಿದ್ದ. ಅವಳು ಇಡೀ ಬೀದಿಯ ಸುದ್ದಿ ಹೇಳಿ ಮುಗಿಸಿದಾಗ ಇವನು ಹುಬ್ಬೇರಿಸಿದರೆ ಅದೇ ದೊಡ್ಡದು. ಆದರೆ ಒಳಗೊಳಗೇ ಅವಳ ಬಗ್ಗೆ ಅವನಿಗೆ ಬೆಟ್ಟದಷ್ಟು ಹೆಮ್ಮೆ.

ಹಿಂದೆಂದೋ ಜ್ವಾಲಾಮುಖಿ ಉಗುಳಿದ ಲಾವಾ ಸಮುದ್ರಕ್ಕೆ ಹರಿದು ತಣ್ಣಗಾಗಿ, ನೀರಿನಡಿ ಕರಿಬಂಡೆಗಳಾಗಿ ನಿಂತಿತ್ತು. ಅವುಗಳ ಮೈತುಂಬ ಹವಳ. ಅದನ್ನು ನೋಡಲೆಂದೇ ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾ ಕಲಿಯಲು ಬರುತ್ತಿದ್ದರು. ಆ ಬಂಡೆಗಳ ನಡುವೆ ದೋಣಿ ನುಸುಳುವಾಗ ಅವಳು ಮೂತಿಯಲ್ಲಿ ನಿಲ್ಲುತ್ತಿದ್ದಳು. ಎಂಜಿನ್ನಿನ ಗದ್ದಲದಲ್ಲಿ ಅವಳ ಮಾತೂ ಕೇಳದು ಎಂದರೆ ಲೆಕ್ಕ ಹಾಕಿ. ಹಾಗಾಗಿ ಹಿಂದೆ ಎಂಜಿನ್ ಹಿಡಿದು ಕೂತ ಗಂಡನಿಗೆ ಕೈಸನ್ನೆ ಮಾಡುತ್ತಿದ್ದಳು. ಅಂಗೈಯನ್ನು ಮೆಲ್ಲಗೆ ತಗ್ಗಿಸಿದರೆ ವೇಗ ಇಳಿಸು. ಮುಷ್ಟಿ ಹಿಡಿದರೆ ನಿಲ್ಲು. ಬೆರಳು ಮಡಚಿದರೆ ಬಾ. ಅವನು ನೀರು ನೋಡುತ್ತಿರಲಿಲ್ಲ, ಆ ಕೈ ನೋಡುತ್ತಿದ್ದ. ದೋಣಿಯ ತಳಕ್ಕೆ ಇವತ್ತಿನವರೆಗೆ ಒಂದು ಗೀರೂ ಬಿದ್ದಿಲ್ಲ.

ಡೈವಿಂಗ್ ಅಂಗಡಿಯಲ್ಲಿ ಸಿಲಿಂಡರ್ ಹೊತ್ತು, ಒದ್ದೆ ಸೂಟು ತೊಳೆದು ಒಣಹಾಕುತ್ತಲೇ ಅವಳು ಡೈವಿಂಗ್ ಕಲಿತವಳು. ಈಗ ಕಲಿಸುವವಳಾಗಬೇಕೆಂಬ ಹಟ. ಹೋದ ವರ್ಷದ ಪರೀಕ್ಷೆಯಲ್ಲಿ ಫೇಲಾದದ್ದೂ ಬಾಯಿಯ ದೆಸೆಯಿಂದಲೇ. ನೀರೊಳಗೆ ಮಾತಾಡಲಾಗದೆ ಚಡಪಡಿಸಿ, ವಿವರಿಸಿ ಹೇಳಲೆಂದು ಶಿಷ್ಯನನ್ನು ಮತ್ತೆ ಮತ್ತೆ ಮೇಲಕ್ಕೆ ಕರೆತಂದಿದ್ದಳು. "ಇನ್ನೊಂದೇ ಅವಕಾಶ. ಆಮೇಲೆ ಕೇಳ್ಬೇಡಿ" ಎಂದಿದ್ದರು ಪರೀಕ್ಷಕಿ.

ಆ ಕೊನೆಯ ಅವಕಾಶದ ದಿನ, ಅವಳಿಂದ ಪಾಠ ಕಲಿಯಲು ಹೊಸಬನಾಗಿ ಬಂದಿದ್ದ ಬ್ಯಾಂಕ್ ಗುಮಾಸ್ತ ಅಲೆಗಳ ಹೊಡೆತಕ್ಕೆ ವಾಂತಿ ಮಾಡಿಕೊಂಡು ದೋಣಿಯಲ್ಲೇ ಮಲಗಿಬಿಟ್ಟ.

"ಹೊಸಬರಿಲ್ದೆ ಪರೀಕ್ಷೆ ಹೇಗಮ್ಮ ಮಾಡ್ಲಿ?" ಎಂದರು ಪರೀಕ್ಷಕಿ. "ಯಾವತ್ತೂ ಡೈವ್ ಮಾಡದೇ ಇರೋರು ಇಲ್ಲಿ ಬೇರೆ ಯಾರೂ ಇಲ್ವಾ?"

ಅವಳು ಆಕಾಶ ನೋಡಿದಳು, ಹಗ್ಗ ನೋಡಿದಳು, ಗಂಡನನ್ನು ಮಾತ್ರ ನೋಡಲಿಲ್ಲ. ಚಿಕ್ಕಂದಿನಲ್ಲಿ ಮುಳುಗಿ ನೀರು ಕುಡಿದು ಸಾಯುವಂತಾದವನು ಅವನು. ಅಂದಿನಿಂದ ಮುಖ ನೀರಿಗಿಳಿಸಿದರೆ ಜೀವವೇ ಹೋದ ಹಾಗೆ. ಸ್ನಾನದಲ್ಲೂ ತಲೆ ಹಿಂದಕ್ಕೆ ಬಾಗಿಸಿಯೇ ನೀರು ಹೊಯ್ದುಕೊಳ್ಳುತ್ತಾನೆ. ಜನರ ಮುಂದೆ "ಎಂಜಿನ್ ಬಿಟ್ಟು ಬರೋಕಾಗಲ್ಲ" ಎಂಬ ನೆವ. ಊರಿನ ಗುಟ್ಟನ್ನೆಲ್ಲ ಊರಿಗೇ ಹಂಚಿದ ಮಾತಿನಮಲ್ಲಿ ಇದೊಂದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.

"ನಾನಿದೀನಲ್ಲ" ಎಂದ.

"ರೀ, ಬೇಡ. ಹೋದ್ರೆ ಹೋಗ್ಲಿ ಪರೀಕ್ಷೆ."

"ಸುಮ್ನಿರೆ. ಸೂಟ್ ಕೊಡು."

ಜೊತೆಗೆ ಬಂದಿದ್ದ ಡೈವಿಂಗ್ ಅಂಗಡಿಯ ಮಾಲೀಕ ದೋಣಿಗೆ ಕಾವಲು ಕೂತ. "ಉಸಿರು ಮಾತ್ರ ಹಿಡೀಬೇಡಿ. ಉಳಿದಿದ್ದೆಲ್ಲ ನಾನು ನೋಡ್ಕೋತೀನಿ" ಎಂದಳು ಅವಳು. ಇಬ್ಬರೂ ಹಗ್ಗ ಹಿಡಿದು ಮೆಲ್ಲಗೆ ಇಳಿದರು, ಹಿಂದೆಯೇ ಪರೀಕ್ಷಕಿಯೂ. ಕರಿಮರಳಿನ ಮೇಲೆ ಮಂಡಿಯೂರಿ ಕೂರುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಬಂತು ಮುಖ್ಯ ಪಾಠ: ಕಣ್ಣು ಮೂಗು ಮುಚ್ಚಿದ ಮಾಸ್ಕಿನೊಳಗೆ ನೀರು ಬಿಟ್ಟುಕೊಂಡು, ಮೂಗಿನಿಂದ ಊದಿ ಹೊರಹಾಕುವುದು. ನೀರು ಮೂಗಿಗೆ ತಾಗಿದ್ದೇ ತಡ, ಅವನ ಉಸಿರು ಎರ್ರಾಬಿರ್ರಿ ಓಡತೊಡಗಿತು. ಮೇಲೆ, ಮೇಲೆ! ಕಾಲು ಒದ್ದ. ಹಾಗೆ ಒಮ್ಮೆಗೇ ಮೇಲೆದ್ದರೆ ಶ್ವಾಸಕೋಶವೇ ಹರಿಯಬಹುದೆಂದು ಅವನಿಗೂ ಗೊತ್ತು. ಪರೀಕ್ಷಕಿ ಹತ್ತಿರ ಬಂದರು.

ಅವಳು ಒಂದು ಕೈಯಲ್ಲಿ ಅವನ ಜಾಕೆಟ್ಟಿನ ಪಟ್ಟಿ ಬಿಗಿಹಿಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ, ದೋಣಿಯ ಮೂತಿಯಲ್ಲಿ ನಿಲ್ಲುವ ಹಾಗೆಯೇ ನಿಂತು, ಇನ್ನೊಂದು ತೋಳು ಚಾಚಿ ಅಂಗೈಯನ್ನು ಮೆಲ್ಲಗೆ ತಗ್ಗಿಸಿದಳು.

ಮಾಸ್ಕಿನಲ್ಲಿ ಅರ್ಧ ತುಂಬಿದ ನೀರಿನ ಮೇಲಿನಿಂದ ಆ ಕೈ ಕಂಡಿತು. ಅವನು ಯೋಚಿಸಲಿಲ್ಲ. ಅಲ್ಲಿಲ್ಲದ ಎಂಜಿನ್ನಿನ ಹಿಡಿಯನ್ನು ಅವನ ಬಲಗೈ ತಾನಾಗಿ ತಿರುಗಿಸಿತು. ಉಸಿರು ಇಳಿಯಿತು. ಅಂಗೈ ಇನ್ನಷ್ಟು ತಗ್ಗಿತು. ಉಸಿರು ಇನ್ನಷ್ಟು ನಿಧಾನವಾಯಿತು. ಮೂಗಿನಿಂದ ಊದಿದ. ಮಾಸ್ಕು ತಿಳಿಯಾಯಿತು. ಅವಳು ಬೆರಳು ಮಡಚಿ ಕರೆದಳು, ಹೋದ.

ಕರಿಬಂಡೆಯ ಬಿರುಕಿನಿಂದ ಬೆಚ್ಚನೆಯ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಹವಳದ ಸಂದಿಯಿಂದ ಪಟ್ಟೆಮೀನೊಂದು ಇಣುಕಿ ಅವನನ್ನು ಮೇಲೆ ಕೆಳಗೆ ನೋಡಿತು. ಇಷ್ಟು ವರ್ಷ ತಾನು ಇದರ ನೆತ್ತಿಯ ಮೇಲೆ ಹೊಗೆ ಬಿಟ್ಟುಕೊಂಡು ಓಡಾಡಿದೆನಲ್ಲ ಎನಿಸಿ ಅವನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ದೋಣಿ ಹತ್ತಿದ ಮೇಲೆ ಪರೀಕ್ಷಕಿ, "ಆ ಕೈಸನ್ನೆ ನಮ್ಮ ಪಾಠದಲ್ಲೆಲ್ಲೂ ಇಲ್ಲ" ಎಂದರು. ಅವನ ಮುಖ ಬಾಡಿತು. "ಆದ್ರೆ ಶಿಷ್ಯ ಹೆದರಿದಾಗ್ಲೂ ನೀವು ಒಂದ್ಸಲಾನೂ ಮೇಲಕ್ಕೆ ಕರ್ಕೊಂಡ್ ಬರ್ಲಿಲ್ಲ. ಪಾಸಾದ್ರಿ."

ಮಾತಿನಮಲ್ಲಿ ಎದ್ದು ಹೋಗಿ ದೋಣಿಯ ಮೂತಿಯಲ್ಲಿ ಬೆನ್ನು ಹಾಕಿ ನಿಂತಳು.

ಬಂಡೆಗಳ ಹತ್ತಿರ ಬಂದಾಗ ಅವನು ಎಂಜಿನ್ ತಗ್ಗಿಸಿ, ಪೂರ್ತಿ ನಿಲ್ಲಿಸಿಬಿಟ್ಟ. ಅವಳ ಎರಡು ಕೈಗಳೂ ಮುಖ ಮುಚ್ಚಿಕೊಂಡಿದ್ದವು, ಭುಜ ನಡುಗುತ್ತಿತ್ತು.

"ಏನಾಯ್ತು, ಎಂಜಿನ್ ಕೆಟ್ಟೋಯ್ತಾ?" ಪರೀಕ್ಷಕಿ ಗಾಬರಿಯಾದರು.

"ಇಲ್ಲ ಮೇಡಂ. ಅವಳ ಕೈ ಏಳ್ಬೇಕು. ಅಲ್ಲೀವರೆಗೂ ನಾನು ಕದಲಲ್ಲ."

ಅವಳು ಒದ್ದೆ ತೋಳಿನಲ್ಲೇ ಮುಖ ಒರೆಸಿಕೊಂಡಳು. ಹಿಂತಿರುಗಿ ನೋಡದೆ ಬೆರಳು ಮಡಚಿ ಕರೆದಳು. ಅವನು ಹೊರಟ.