ಬಿಸಿನೀರಜ್ಜಿಯ ಒಂದು 'ಬೇಡ'

ಆ ಆಸ್ಪತ್ರೆಯಲ್ಲಿ ಬಿಸಿನೀರಜ್ಜಿ ಎಂದರೆ ಗೊತ್ತಿಲ್ಲದವರಿರಲಿಲ್ಲ. ಕ್ಷಯದ ವಾರ್ಡಿನ ಹಿಂದಿದ್ದ ಒಲೆಮನೆಯಲ್ಲಿ ಇಪ್ಪತ್ತಾರು ವರ್ಷ ನೀರು ಕಾಯಿಸಿ, ಹತ್ತೊಂಬತ್ತು ಹಾಸಿಗೆಗೆ ಹತ್ತೊಂಬತ್ತು ಚೊಂಬು ಹಂಚಿದ ಕೈ ಅವಳದು. ಕುದಿಯುವ ಹಂಡೆಯ ಕಿವಿಯನ್ನು ಬಟ್ಟೆಯಿಲ್ಲದೆ ಹಿಡಿಯುತ್ತಿದ್ದಳು. ಬಾಯಿಯೂ ಅಷ್ಟೇ ಬಿಸಿ. ಮಾತ್ರೆಗೆ ಮುಖ ತಿರುಗಿಸಿದವನಿಗೆ, "ನುಂಗಪ್ಪಾ, ನಿನ್ನ ಹೆಂಡ್ತಿ ಬೈಗುಳಕ್ಕಿಂತ ಕಹಿ ಇಲ್ಲ" ಎನ್ನುವಳು. ಆದರೆ ಕುರ್ಚಿಯ ಮೇಲೆ ಕೂತವರೆದುರು ಮಾತ್ರ ಆ ಬಾಯಿಗೆ ಬೀಗ ಬೀಳುತ್ತಿತ್ತು. ದೊಡ್ಡವರು ಕೇಳುವ ತನಕ ಮಾತಾಡಬಾರದು, ಕೇಳಿದರೂ ನೇರ ಆಡಬಾರದು, ನಡುವೆ ಒಬ್ಬರ ಕೈಯಲ್ಲಿ ಹೇಳಿಸಬೇಕು. ಆಯಾಗಳೆಲ್ಲ ಕಲಿತು ಬಂದ ಮರ್ಯಾದೆ ಅದು.

ಇಂಥವಳು ಆಡಳಿತ ಮಂಡಳಿಯ ಸದಸ್ಯೆ ಎಂದರೆ ಹೊಸಬರು ನಗುತ್ತಿದ್ದರು. ಸುಳ್ಳೇನಲ್ಲ. ಸಂಸ್ಥೆ ಸಮುದ್ರದಾಚೆಯದು, ಏಳು ದೇಶಗಳಲ್ಲಿ ಅದರ ಆಸ್ಪತ್ರೆಗಳು. ನಡೆಸುವವರು ಹನ್ನೊಂದು ಜನ. ಹತ್ತು ಮಂದಿ ಓದಿದವರು, ಉಳ್ಳವರು, ಸಂಬಳ ಪಡೆಯದೆ ಕೂರುವವರು. ಹನ್ನೊಂದನೆಯ ಕುರ್ಚಿ ವಾರ್ಡಿನಲ್ಲಿ ದುಡಿಯುವವರೊಬ್ಬರಿಗೆ ಎಂದು ಸಂಸ್ಥೆ ಕಟ್ಟಿದ ಮಹಾರಾಯ ಬರೆದಿಟ್ಟು ಹೋಗಿದ್ದ. ಸರದಿ ಈ ಆಸ್ಪತ್ರೆಗೆ ಬಂದಾಗ ಆಯಾಗಳು ಒಕ್ಕೊರಲಿನಿಂದ ಅಜ್ಜಿಯನ್ನು ಆರಿಸಿದರು.

ನಾಲ್ಕು ತಿಂಗಳಿಗೊಮ್ಮೆ ಮ್ಯಾನೇಜರನ ಕೋಣೆಯಲ್ಲಿ ಗೋಡೆಯ ವೀಡಿಯೊ ಪರದೆಯ ಮುಂದೆ ಕೂರುವುದು. ಅತ್ತ ಹತ್ತು ಮುಖ, ಇತ್ತ ಇವಳೊಂದು ಮುಖ. ಅವರ ಮಾತನ್ನು ಮ್ಯಾನೇಜರ್ ಇವಳ ಭಾಷೆಗೆ ತಿರುಗಿಸಿ ಹೇಳುತ್ತಿದ್ದ. ಇವಳ ಮಾತನ್ನು ವಾರ್ಡಿನ ಡಾಕ್ಟರಮ್ಮ ಕಾಗದದಲ್ಲಿ ಬರೆದುಕೊಡುತ್ತಿದ್ದರು. ಅದನ್ನು ಮ್ಯಾನೇಜರ್ ಸಭೆಯ ತುದಿಯಲ್ಲಿ, 'ಇತರ ವಿಷಯಗಳು' ಎಂಬ ಬಾಲಂಗೋಚಿಯಲ್ಲಿ ಓದುವನು. ಬಕೆಟ್ಟು ತೂತಾಗಿದೆ, ಬಾಗಿಲಿನ ತಿರುಗಣಿ ಕಿತ್ತಿದೆ, ಸೋಪು ಸಾಲದು. ಎರಡು ವರ್ಷ ಹೀಗೇ ನಡೆಯಿತು. ಬಕೆಟ್ಟು ಬರುತ್ತಲೂ ಇತ್ತು.

ಮೂರನೆಯ ವರ್ಷ ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಏಳನೇ ಹಾಸಿಗೆಗೆ ಬಂದು ಮಲಗಿದಳು. ಒಂದೇ ಒಲೆಯ ಮುಂದೆ ಮೂವತ್ತು ವರ್ಷ ಹಾವು ಮುಂಗುಸಿಯಂತೆ ಕಾದಾಡಿದ ಇಬ್ಬರು ಅವರು. ಮಾಮೂಲಿ ಮಾತ್ರೆಗೆ ಬಗ್ಗದ ಕ್ಷಯ ಅದು. ಬಹುಪಾಲು ಚಿಕಿತ್ಸೆ ಮುಗಿದು, ಇನ್ನು ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ನುಂಗಿದರೆ ಬದುಕು ಎನ್ನುವ ಹೊತ್ತಿಗೆ ಡಾಕ್ಟರಮ್ಮ ಒಲೆಮನೆಗೇ ಬಂದರು.

"ಅಜ್ಜೀ, ವಾರ್ಡ್ ಮುಚ್ಚೋ ಮಾತು ಸಭೆಗೆ ಬರ್ತಾ ಇದೆ."

"ಯಾಕಮ್ಮಾ, ದುಡ್ಡಿಲ್ವಾ? ಪಕ್ಕದಲ್ಲಿ ಹೆರಿಗೆ ಕಟ್ಟಡ ಮೂರಂತಸ್ತು ಏಳ್ತಾ ಇದೆಯಲ್ಲ!"

"ಅದು ಬೇರೆ ದುಡ್ಡು. ತಾಯಿ-ಮಗುವಿಗೆ ಮಾತ್ರ ಅಂತ ಬರೆದೇ ಕೊಟ್ಟಿದ್ದು. ಒಂದು ಕಾಸು ಈ ಕಡೆ ತಿರುಗಿಸಿದ್ರೂ ಪೂರ್ತಿ ವಾಪಸ್ ಕೇಳ್ತಾರೆ. ನಮ್ಮ ವಾರ್ಡು ನಡೀತಿದ್ದದ್ದು ಸಣ್ಣಪುಟ್ಟ ಜನ ತಿಂಗಳು ತಿಂಗಳು ಕಳಿಸೋದ್ರಲ್ಲಿ. ಈಗ ಅವರ ಕೈಯೂ ಬಿಗಿಯಾಗಿದೆ."

ಅಜ್ಜಿ ಸೌದೆ ಮುಂದಕ್ಕೆ ನೂಕಿದಳು. "ಹಾಗಾದ್ರೆ ನನ್ನ ವಾರಗಿತ್ತಿ ಈ ವಯಸ್ಸಲ್ಲಿ ಬಸುರಿಯಾದ್ರೆ ಉಳೀತಾಳೆ ಅನ್ನಿ."

ಡಾಕ್ಟರಮ್ಮನಿಗೆ ನಗಲಾಗಲಿಲ್ಲ. "ಒಂದು ನಿಯಮ ಇದೆ ಅಜ್ಜೀ. ವಾರ್ಡ್ ಮುಚ್ಚೋ ವಿಷಯಕ್ಕೆ ಹನ್ನೊಂದರಲ್ಲಿ ಒಬ್ಬರು ಬೇಡ ಅಂದ್ರೂ ಮುಂದಿನ ಸಭೆ ತನಕ ಮುಟ್ಟೋ ಹಾಗಿಲ್ಲ. ನಾಲ್ಕು ತಿಂಗಳು ಸಿಗುತ್ತೆ. ನಮಗೆ ಬೇಕಾಗಿರೋದೂ ಅಷ್ಟೇ."

ಆ 'ಬೇಡ'ವನ್ನು ಡಾಕ್ಟರಮ್ಮ ಚೆಂದವಾಗಿ ಬರೆದುಕೊಟ್ಟರು. ಅಜ್ಜಿ ಹೆಬ್ಬೆಟ್ಟು ಒತ್ತಿ, ಎಂದಿನಂತೆ ಮ್ಯಾನೇಜರನ ಕೈಗಿತ್ತಳು. ಹತ್ತು ಕೆಲಸದ ಗಡಿಬಿಡಿಯಲ್ಲಿದ್ದ ಆತ ಓದಲಿಲ್ಲ. ಎಂದಿನಂತೆ ಕಡತದ ಕೊನೆಗೆ ಸಿಕ್ಕಿಸಿದ.

ಸಭೆಯಲ್ಲಿ ವಾರ್ಡಿನ ಮಾತು ನಾಲ್ಕನೆಯದಾಗಿ ಬಂತು. ಅಧ್ಯಕ್ಷೆ ನರೆಗೂದಲಿನ ಹೆಂಗಸು, ಹೇಳುವಾಗ ಅವಳ ಮುಖವೂ ಬಾಡಿತ್ತು. "ಯಾರದಾದ್ರೂ ವಿರೋಧ ಇದೆಯಾ ಅಂತ ಕೇಳ್ತಿದಾರೆ" ಎಂದ ಮ್ಯಾನೇಜರ್. ಅಜ್ಜಿ ಅವನ ಮುಖ ನೋಡಿದಳು, ಕಡತ ನೋಡಿದಳು. ಕಾಗದ ಅಲ್ಲೇ ಇದೆ, ಈಗ ತೆಗೆದು ಓದುತ್ತಾನೆ. ನಡುವೆ ಬಾಯಿ ಹಾಕಿದರೆ ಅವನಿಗೆ ಅವಮಾನ. ಅವನು ಹಾಳೆ ಮಗುಚಿದ. ಐದನೆಯ ವಿಷಯ ಬಂತು.

ಕೊನೆಗೆ ಅವಳ ಕಾಗದ ಬಿಚ್ಚಿ ಓದತೊಡಗಿದವನ ದನಿ ಎರಡನೇ ಸಾಲಿಗೇ ಉಡುಗಿತು. ಅಧ್ಯಕ್ಷೆ ಏನೋ ಹೇಳಿದಳು.

"ಏನಂತೆ?"

"ಮುಗಿದ ವಿಷಯ ಅದೇ ಸಭೆಯಲ್ಲಿ ಮತ್ತೆ ಎತ್ತೋ ಹಾಗಿಲ್ವಂತೆ, ಅಜ್ಜೀ."

ಎರಡು ವಾರದಲ್ಲಿ ಹಾಸಿಗೆಗಳನ್ನು ಸುರುಳಿ ಸುತ್ತಿದರು. ವಾರಗಿತ್ತಿಯನ್ನು ಎರಡು ಬಸ್ಸು ಬದಲಿಸಿ ಹೋಗುವ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಲ್ಲಿ ಆ ಮಾತ್ರೆ ತೀರಿತ್ತು; ಬರುವಷ್ಟರಲ್ಲಿ ಇಪ್ಪತ್ತು ದಿನ ಕಳೆಯಿತು. ಹೋದ ರೋಗ ಬಡ್ಡಿ ಸಮೇತ ತಿರುಗಿ ಬಂತು. ಅಜ್ಜಿ ನೋಡಲು ಹೋದಾಗ ಅವಳು ಕೆಮ್ಮಿನ ನಡುವೆ ಉಸಿರು ಹಿಡಿದು ಕೇಳಿದಳು:

"ಅಕ್ಕಾ, ಮೂವತ್ತು ವರ್ಷ ನನ್ನ ಮೇಲೆ ಓಣಿಗೆಲ್ಲ ಕೇಳೋ ಹಾಗೆ ಕೂಗಿದೆ. ಅಲ್ಲಿ ಒಂದ್ಸಲ ಕೂಗೋಕೆ ಆಗ್ಲಿಲ್ವಾ?"

ಅಜ್ಜಿ ಅವಳ ಕಾಲು ಒತ್ತುತ್ತ ಕೂತಳು. ಮೂರನೇ ತಿಂಗಳಲ್ಲಿ ವಾರಗಿತ್ತಿ ಹೋದಳು.

ಮುಂದಿನ ಸಭೆಗೆ ಅಜ್ಜಿ ಬರಲಾರಳು ಎಂದುಕೊಂಡಿದ್ದರು. ಬಂದಳು, ಕೈಯಲ್ಲಿ ಕಾಗದವಿಲ್ಲದೆ. ಮ್ಯಾನೇಜರ್ ಮೆತ್ತಗೆ ಹೇಳಿದ: "ಮೊದಲನೇದು ಹೋದ ಸಭೆಯ ನಡಾವಳಿ. ವಾರ್ಡು ಮುಚ್ಚೋಕೆ ಎಲ್ಲರೂ ಒಪ್ಪಿದರು ಅಂತ ಬರೆದಿದೆ. ಸರೀನಾ ಅಂತ ಕೇಳ್ತಿದಾರೆ. ವಾಡಿಕೆ ಅಷ್ಟೇ, ತಲೆಯಾಡಿಸಿ ಸಾಕು."

ಅಜ್ಜಿ ಎದ್ದು ನಿಂತಳು. "ಬೇಡ!"

ಹೊರಗೆ ಹೋಗುತ್ತಿದ್ದ ನರ್ಸು ಬಾಗಿಲಲ್ಲಿ ಇಣುಕಿದಳು.

"ಎಲ್ಲರೂ ಒಪ್ಪಲಿಲ್ಲ. ಸಭೆಗೆ ಮುಂಚೆನೇ ಬೇಡ ಅಂತ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದೆ. ಹೇಳಪ್ಪಾ ಅವರಿಗೆ."

ಮ್ಯಾನೇಜರನ ಕಿವಿ ಕೆಂಪಾಯಿತು. ಹೇಳಿದ. ಕೊನೆಗಿಟ್ಟವನು ತಾನೇ ಎಂದೂ ಹೇಳಿದ. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಬರವಣಿಗೆ ತಿದ್ದಬಹುದು, ವಾರ್ಡು ಮಾತ್ರ ತಿರುಗಿ ಬರುವುದಿಲ್ಲ ಎಂದಳು.

"ಹೋದವಳೂ ಬರಲ್ಲ, ಗೊತ್ತು. ತಿದ್ದಿ."

'ಎಲ್ಲರೂ' ಎಂಬುದನ್ನು ಹೊಡೆದುಹಾಕಿ, ಹತ್ತು ಮಂದಿ ಒಪ್ಪಿದರು, ಒಬ್ಬಳು ಬೇಡವೆಂದಳು ಎಂದು ಬರೆದರು. ಅಜ್ಜಿ ಅದನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಎರಡನೇದು ಓದಪ್ಪಾ. ಮೆಲ್ಲಗೆ ಓದು, ನಾನು ಕೊನೆ ತನಕ ಕಾಯೋದಿಲ್ಲ."